ಎಣಿಸಲು ಬಂದ ಮಾತ್ರಕ್ಕೆ ಲೆಕ್ಕ ಬಂದೀತೆ?

ಮನೆಗೆ ನೆಂಟರು ಬಂದಾಗ ನಾಲ್ಕು ವರ್ಷದ ಮಗು ಒಂದರಿಂದ ಐವತ್ತರವರೆಗೆ ತಡವರಿಸದೆ ಒಪ್ಪಿಸಿದರೆ ತಂದೆತಾಯಿಗಳಿಗೆ ಹಿಗ್ಗೋ ಹಿಗ್ಗು. ಅದೇ ಮಗುವಿಗೆ ಅಡುಗೆಮನೆಯಿಂದ ಐದು ಲೋಟ ತರಲು ಹೇಳಿದರೆ ಕೈಗೆ ಸಿಕ್ಕಷ್ಟನ್ನು ಬಾಚಿಕೊಂಡು ಬರಬಹುದು. ಇದು ದಡ್ಡತನವಲ್ಲ. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಬಾಯಿಪಾಠ. ಎಣಿಕೆಯ ಕೊನೆಯಲ್ಲಿ ಬರುವ ‘ಐದು’ ಆ ಕೊನೆಯ ಲೋಟದ ಹೆಸರಲ್ಲ, ಎಲ್ಲ ಲೋಟಗಳೂ ಸೇರಿ ಐದು ಎಂದು ತಿಳಿಯುವುದು ಅದಕ್ಕಿಂತ ಮೇಲಿನ ಮೆಟ್ಟಿಲು.

ಮಗುವಿನ ಮನಸ್ಸಿನಲ್ಲಿ ಸಂಖ್ಯೆಯ ಕಲ್ಪನೆ ಬೆಳೆಯುವ ಬಗೆಯನ್ನು ಆಳವಾಗಿ ಪರಿಶೀಲಿಸಿದವರು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ. ಈ ಕುರಿತ ಅವರ ಪುಸ್ತಕ 1941ರಲ್ಲಿ ಹೊರಬಂತು. ಅವರ ಪರೀಕ್ಷೆ ಸರಳವಾದದ್ದು. ಬಿಲ್ಲೆಗಳನ್ನು ಎರಡು ಸಾಲುಗಳಲ್ಲಿ ಸಮಸಮನಾಗಿ ಜೋಡಿಸಿ, ಮಗುವಿನ ಕಣ್ಣೆದುರೇ ಒಂದು ಸಾಲನ್ನು ಅಗಲಿಸಿ ಉದ್ದ ಮಾಡುವುದು. ಹೊಸದಾಗಿ ಒಂದನ್ನೂ ಸೇರಿಸದಿದ್ದರೂ ಚಿಕ್ಕ ಮಕ್ಕಳು ಉದ್ದದ ಸಾಲಿನಲ್ಲೇ ಹೆಚ್ಚು ಬಿಲ್ಲೆಗಳಿವೆ ಎನ್ನುತ್ತಾರೆ. ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಈ ಗೊಂದಲ ತಾನಾಗಿ ಕಳೆಯುತ್ತದೆ.

ಆದರೆ ತಪ್ಪೆಲ್ಲ ಮಗುವಿನದೇ ಅಲ್ಲ. ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ಸಂಶೋಧಕರು ಇದೇ ಪರೀಕ್ಷೆಯನ್ನು ತುಸು ಬದಲಿಸಿ ನಡೆಸಿ, 1974ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡವರ ಬದಲು ತುಂಟ ಕರಡಿ ಗೊಂಬೆಯೊಂದು ಬಂದು ಸಾಲನ್ನು ಕೆಡಿಸಿದಾಗ ಎಷ್ಟೋ ಹೆಚ್ಚು ಮಕ್ಕಳು ಸರಿಯಾಗಿ ಉತ್ತರಿಸಿದರು. ದೊಡ್ಡವರೇ ಸಾಲು ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವನ್ನೂ ಬದಲಿಸಬೇಕೇನೋ ಎಂದು ಮಗು ಭಾವಿಸುತ್ತದೆ. ‘ಸರಿಯಾಗಿ ನೋಡಿ ಹೇಳು’ ಎಂದು ಗದರಿದಾಗ ಮಗು ಗೊತ್ತಿದ್ದ ಉತ್ತರವನ್ನೂ ಕೈಬಿಡುವುದು ಇದಕ್ಕೇ. ಲೆಕ್ಕದ ಭಯ ಹುಟ್ಟಲು ಇಂಥ ಗದರಿಕೆಗಳೇ ಸಾಕು. ಅದರ ಬದಲು ‘ಹೇಗೆ ಗೊತ್ತಾಯಿತು?’ ಎಂದು ಕೇಳಿದರೆ ಮಗುವಿನ ಯೋಚನೆ ಹೊರಬರುತ್ತದೆ.

ಇದನ್ನು ಕಲಿಸಲು ದುಬಾರಿ ಸಾಮಗ್ರಿ ಬೇಕಿಲ್ಲ. ಅಟ್ಟ ಸೇರಿದ ಅಳಗುಳಿ ಮಣೆ, ಕರಾವಳಿಯವರ ಚೆನ್ನೆಮಣೆ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಗುಳಿಗೊಂದು ಬೀಜ ಹಾಕುತ್ತ ಹೋಗುವಾಗ ಒಂದನ್ನೂ ಬಿಡದೆ, ಎರಡು ಸಲ ಎಣಿಸದೆ ಸಾಗುವ ಅಭ್ಯಾಸ ಕೈಗೆ ಬರುತ್ತದೆ. ಮಣೆ ಇಲ್ಲದಿದ್ದರೆ ಹುಣಸೆಬೀಜ ಸಾಕು. ಊಟಕ್ಕೆ ಎಷ್ಟು ತಟ್ಟೆ ಬೇಕು, ಇಬ್ಬರು ನೆಂಟರು ಬಂದರೆ ಇನ್ನೆಷ್ಟು ಎಂದು ಕೇಳುವುದೂ ಲೆಕ್ಕವೇ.

ಹತ್ತು ದಾಟಿದ ಮೇಲೆ ಕನ್ನಡವೇ ನೆರವಿಗೆ ಬರುತ್ತದೆ. ಇಪ್ಪತ್ತಮೂರು ಎಂಬ ಹೆಸರಿನಲ್ಲೇ ಇಪ್ಪತ್ತೂ ಇದೆ, ಮೂರೂ ಇದೆ. ಹತ್ತು ಹತ್ತು ಕಡ್ಡಿಗಳ ಎರಡು ಕಟ್ಟು, ಪಕ್ಕದಲ್ಲಿ ಮೂರು ಬಿಡಿ ಕಡ್ಡಿ ಇಟ್ಟು ತೋರಿಸಿದರೆ ಅಂಕಿಯ ಸ್ಥಾನಬೆಲೆ ಕಣ್ಣಿಗೇ ಕಾಣುತ್ತದೆ. ಇಷ್ಟು ಮನಸ್ಸಿಗೆ ಹತ್ತಿದ ಮೇಲೆ ಸ್ಲೇಟು ಬಳಪ ಕೊಟ್ಟು ಬರೆಯಿಸಬಹುದು, ಮಗ್ಗಿಯನ್ನೂ ಹೇಳಿಸಬಹುದು. ಅಲ್ಲಿಯವರೆಗೆ ಪಕ್ಕದ ಮನೆಯ ಮಗುವಿನೊಡನೆ ಹೋಲಿಸದಿದ್ದರೆ ಅದೇ ದೊಡ್ಡ ಉಪಕಾರ.