ಮೈಯೊಳಗಿನ ಸೈನಿಕರು ಮತ್ತು ಬಡವನ ಜೇಬು



ಕೆಲವು ತಿಂಗಳ ಹಿಂದೆ ಜೋಗುಪಾಳ್ಯದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಈಗ ಅವನಿಗೂ ತಲೆ ನರೆತಿದೆ. ಅವನ ಮಾವನವರ ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ ಎದ್ದಿತ್ತಂತೆ. ಆಣಿ ಇರಬೇಕೆಂದು ವರ್ಷವಿಡೀ ಪಟ್ಟಿ ಅಂಟಿಸುತ್ತಾ ಬಂದರು. ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಪರೀಕ್ಷೆ ಮಾಡಿಸಿದರೆ ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್. ಆಗಲೇ ಶ್ವಾಸಕೋಶಕ್ಕೂ ಹರಡಿತ್ತು.

"ಸಾರ್, ರೋಗಿಯ ರಕ್ತದಿಂದಲೇ ಔಷಧಿ ಮಾಡುತ್ತಾರಂತೆ. ನಮ್ಮ ಬೊಮ್ಮಸಂದ್ರದಲ್ಲೇ ಇದೆಯಂತೆ. ಬಿಳಿ ರಕ್ತಕಣಗಳು ಸೈನಿಕರಿದ್ದಂತೆ ಎಂದು ಪಾಠ ಮಾಡಿದವರು ನೀವೇ ಅಲ್ಲವೇ?" ಎಂದು ಕೇಳಿದ.

ಹೌದು, ಆ ವಾಕ್ಯವನ್ನು ಎರಡು ಅಂಕದ ಪ್ರಶ್ನೆಗಾಗಿ ಎಷ್ಟೋ ವರ್ಷ ಬರೆಸಿದವನು ನಾನೇ. ಆದರೆ ಅಂದು ಉತ್ತರ ಹೇಳಲಾಗಲಿಲ್ಲ. ಎರಡು ದಿನ ಓದಿದ ಮೇಲೆ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಈ ಸೈನಿಕರಲ್ಲಿ ಟಿ ಕೋಶಗಳೆಂಬ ಒಂದು ಪಡೆಯಿದೆ. ಮೆಲನೋಮದ ಗೆಡ್ಡೆಯೊಳಗೇ ಇವು ನುಗ್ಗಿರುತ್ತವೆ. ಆದರೆ ಸಂಖ್ಯೆ ಸಾಲದೆ, ದಣಿದು ಸೋತಿರುತ್ತವೆ. ಅಮೆರಿಕದ ಸ್ಟೀವನ್ ರೋಸೆನ್‌ಬರ್ಗ್ ಎಂಬ ವೈದ್ಯರು ಗೆಡ್ಡೆಯ ತುಣುಕಿನಿಂದ ಈ ಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಕೋಟ್ಯಂತರವಾಗಿ ಬೆಳೆಸಿ, ಮರಳಿ ರೋಗಿಯ ಮೈಗೇ ಸೇರಿಸಿದ ಫಲಿತಾಂಶವನ್ನು 1988ರಲ್ಲಿ ಪ್ರಕಟಿಸಿದರು. ಈ ಬಗೆಯ ಔಷಧಿಗೆ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆತದ್ದು 2024ರ ಫೆಬ್ರವರಿಯಲ್ಲಿ. ನಡುವೆ 36 ವರ್ಷಗಳು! ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ, ಬೇರೆ ಚಿಕಿತ್ಸೆಗಳು ಕೈಕೊಟ್ಟಿದ್ದ 73 ಮಂದಿಯಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಗೆಡ್ಡೆ ಕುಗ್ಗಿತು. ಬೆಲೆ ಮಾತ್ರ ಐದು ಲಕ್ಷ ಡಾಲರಿಗೂ ಮೇಲು.

ಬೊಮ್ಮಸಂದ್ರದ್ದು ಇದರ ದಾಯಾದಿ, ಆದರೆ ಬೇರೆಯದು. ಅದರ ಹೆಸರು ಕಾರ್-ಟಿ. ಇಲ್ಲಿ ಟಿ ಕೋಶಗಳನ್ನು ರೋಗಿಯ ರಕ್ತದಿಂದ ತೆಗೆದು, ಶತ್ರುವನ್ನು ಗುರುತಿಸುವ ಹೊಸ ಜೀನನ್ನು ಅವಕ್ಕೆ ಕೂಡಿಸಿ, ಬೆಳೆಸಿ ಹಿಂದಿರುಗಿಸುತ್ತಾರೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರ ಶ್ರಮದಿಂದ ಬಂದ ನೆಕ್ಸ್‌ಕಾರ್19 ಎಂಬುದಕ್ಕೆ 2023ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮೊದಲಾದವರು ಸ್ಥಾಪಿಸಿದ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ, ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದರ ತಂತ್ರಜ್ಞಾನವನ್ನು ತಂದು, 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಔಷಧಿಯನ್ನು ಹೊರತಂದಿತು. ನಮ್ಮ ಊರಿನ ಹೆಮ್ಮೆಯ ಸಂಗತಿಯೇ ಸರಿ.

ಆದರೆ ಇವೆಲ್ಲ ಬಿ ಕೋಶಗಳಲ್ಲಿ ಹುಟ್ಟುವ ರಕ್ತ ಮತ್ತು ದುಗ್ಧರಸ ಗ್ರಂಥಿಗಳ ಕ್ಯಾನ್ಸರಿಗೆ. ಆ ಕೋಶಗಳ ಮೇಲೆ ಸಿಡಿ19 ಎಂಬ ಸ್ಪಷ್ಟ ಗುರುತಿದೆ. ಆರೋಗ್ಯವಂತ ಬಿ ಕೋಶಗಳೂ ಜೊತೆಯಲ್ಲಿ ಸತ್ತರೆ ಮನುಷ್ಯ ಹೇಗೋ ಬದುಕಿಕೊಳ್ಳಬಲ್ಲ. ಮೆಲನೋಮಕ್ಕೆ ಅಂಥ ಅನುಕೂಲದ ಗುರುತಿಲ್ಲ. ಆದ್ದರಿಂದ ನನ್ನ ಶಿಷ್ಯನಿಗೆ, "ಇಲ್ಲಪ್ಪ, ಇದು ನಿಮ್ಮ ಮಾವನವರಿಗೆ ಆಗುವುದಿಲ್ಲ" ಎಂದು ಹೇಳಬೇಕಾಯಿತು. ಪಾಠ ಮಾಡಿದ ಬಾಯಲ್ಲಿ ಆ ಮಾತು ಹೇಳುವುದು ಕಷ್ಟವಾಯಿತು. ಹಿರಿಯರು ಎರಡು ತಿಂಗಳಲ್ಲಿ ತೀರಿಕೊಂಡರು.

ಒಂದು ವೇಳೆ ಆಗುವಂತಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಭಾರತದ ಕಾರ್-ಟಿ ಚಿಕಿತ್ಸೆ ಅಮೆರಿಕದ್ದಕ್ಕಿಂತ ಎಷ್ಟೋ ಅಗ್ಗ, ನಿಜ. ಆದರೂ 30 ಲಕ್ಷ ರೂಪಾಯಿ ದಾಟುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ದೊರೆಯುವುದು 5 ಲಕ್ಷದವರೆಗೆ. ಉಳಿದದ್ದಕ್ಕೆ ಸೈಟು ಮಾರಬೇಕು. ಸೈಟಿಲ್ಲದವನು ಏನು ಮಾಡಬೇಕು? ಸೈನಿಕರು ಅವನ ಮೈಯವರೇ, ಆದರೆ ಅವರಿಗೆ ತರಬೇತಿ ಕೊಡಿಸುವ ಹಣ ಅವನಲ್ಲಿಲ್ಲ.

"ಒಬ್ಬನಿಗೆ ಸುರಿಯುವ 30 ಲಕ್ಷದಲ್ಲಿ ಸಾವಿರಾರು ಜನರ ಬಾಯಿ, ಸ್ತನ, ಗರ್ಭಕಂಠ ಪರೀಕ್ಷಿಸಬಹುದಲ್ಲ?" ಎಂದು ನಮ್ಮ ಹಲಸೂರು ಕೆರೆಯ ವಾಯುವಿಹಾರದ ಗೆಳೆಯರೊಬ್ಬರು ವಾದಿಸಿದರು. ತೂಕದ ಮಾತು, ತಳ್ಳಿಹಾಕಲಾರೆ. ಆದರೆ ಡಯಾಲಿಸಿಸ್ ಕೂಡ ಒಂದು ಕಾಲಕ್ಕೆ ಉಳ್ಳವರ ಚಿಕಿತ್ಸೆಯಾಗಿತ್ತು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ದುಬಾರಿಯೆಂದು ಸರ್ಕಾರ ದೂರ ನಿಂತಿದ್ದರೆ ಅದು ಎಂದಿಗೂ ಬಡವರ ಬಳಿಗೆ ಬರುತ್ತಿರಲಿಲ್ಲ. ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಈ ವಿದ್ಯೆಯನ್ನು ಬೆಳೆಸಬೇಕು. ಗುಣವಾಗುವ ಸಾಧ್ಯತೆ ಹೆಚ್ಚಿರುವ ಮಕ್ಕಳು ಮತ್ತು ಯುವಕರಿಂದ ಆರಂಭಿಸಿ ವೆಚ್ಚವನ್ನು ಸರ್ಕಾರವೇ ಹೊರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಾಗುವವರೆಗೆ ಕಾಸಿಲ್ಲದ ಒಂದು ಕೆಲಸವಿದೆ. ಭಾರತೀಯರಲ್ಲಿ ಮೆಲನೋಮ ಅಪರೂಪ. ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದು ಹೆಚ್ಚು. ಯಾರೂ ನೋಡದ ಜಾಗಗಳು! ನಾವು ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವವರು, ಆದರೆ ಆ ಕಾಲಿನ ಅಡಿಯನ್ನು ಎಂದೂ ನೋಡುವುದಿಲ್ಲ. ಮುಂದಿನ ಬಾರಿ ಊರಿಗೆ ಹೋದಾಗ ತಂದೆತಾಯಿಯರ ಅಂಗಾಲನ್ನೊಮ್ಮೆ ನೋಡಿ. ಹರಡುವ, ಬಣ್ಣ ಬದಲಿಸುವ, ಮಾಯದ ಕಪ್ಪು ಮಚ್ಚೆ ಕಂಡರೆ ಪಟ್ಟಿ ಅಂಟಿಸಬೇಡಿ, ಚರ್ಮವೈದ್ಯರಿಗೆ ತೋರಿಸಿ. ಆರಂಭದಲ್ಲೇ ಕತ್ತರಿಸಿ ತೆಗೆದರೆ ಬಹುಪಾಲು ಜನ ಉಳಿಯುತ್ತಾರೆ.

ಎರಡು ಅಂಕದ ಆ ಪ್ರಶ್ನೆಗೆ ನಾನು ಬರೆಸಬೇಕಾಗಿದ್ದ ಪೂರ್ಣ ಉತ್ತರ ಇಷ್ಟು. ತಡವಾಯಿತು, ಕ್ಷಮಿಸಿ. ನಿಮ್ಮಲ್ಲಿ ಅನೇಕರು ಈಗ ವೈದ್ಯರಾಗಿದ್ದೀರಿ, ತಪ್ಪಿದ್ದರೆ ತಿದ್ದಿ.

ಇಂತು ನಿಮ್ಮ ಮೇಷ್ಟ್ರು