ಪೆಟ್ಟಿಗೆಯ ಮೇಲಿಲ್ಲದ ಅಂಕಿ

ದೊಡ್ಡ ಟೆಲಿವಿಷನ್ ಕೊಳ್ಳಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು. ಎಷ್ಟು ಅಂಗುಲದ್ದನ್ನು ತರಬೇಕು? 4ಕೆ ಸಾಕೋ, 8ಕೆ ಬೇಕೋ? ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ ಎಂಬ ಮೂರರಲ್ಲಿ ಯಾವುದು ಮೇಲು? 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟೀವಿಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿರುವುದರಿಂದ ಈ ಪ್ರಶ್ನೆಗಳಿಗೆ ಇನ್ನಷ್ಟು ಬೆಲೆ ಬಂದಿದೆ. ಮೂರಕ್ಕೂ ಉತ್ತರವುಂಟು. ಬೇಕಾದ ಅಂಕಿಗಳು ಪೆಟ್ಟಿಗೆಯ ಮೇಲೆಯೇ ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಆದರೆ ಇವೆಲ್ಲಕ್ಕಿಂತ ಮುಖ್ಯವಾದ ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ನಾವು ಈ ಲೇಖನವನ್ನು ಬರೆಯುತ್ತಿರುವುದು ಅದಕ್ಕಾಗಿ.

ಮೊದಲು ಗಾತ್ರದ ಮಾತು. 65 ಅಂಗುಲವೆಂಬುದು ತೆರೆಯ ಅಗಲವಲ್ಲ; ಒಂದು ಮೂಲೆಯಿಂದ ಎದುರು ಮೂಲೆಯವರೆಗಿನ ಕರ್ಣದ ಉದ್ದ. ಅಂತಹ ತೆರೆಯ ಅಗಲ ಸುಮಾರು 144 ಸೆಂಟಿಮೀಟರ್, ಎತ್ತರ 81. ಕರ್ಣದಲ್ಲಿ ಹತ್ತೇ ಅಂಗುಲ ಹೆಚ್ಚಿದರೂ ವಿಸ್ತೀರ್ಣ ಬಹಳ ಹೆಚ್ಚುತ್ತದೆ. 55 ಅಂಗುಲದ ತೆರೆಗಿಂತ 65ರದು ನೂರಕ್ಕೆ 40ರಷ್ಟು ದೊಡ್ಡದು. ಆದಕಾರಣ ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ, ಈ ಅಳತೆಗೆ ಕತ್ತರಿಸಿ, ಮನೆಯ ಗೋಡೆಗೆ ಹಚ್ಚಿ ಎರಡು ದಿನ ನೋಡುವುದು ಒಳ್ಳೆಯದು. ವಿಶಾಲವಾದ ಅಂಗಡಿಯಲ್ಲಿ ಸಣ್ಣದಾಗಿ ಕಂಡದ್ದು ನಮ್ಮ ನಡುಮನೆಯಲ್ಲಿ ಗೋಡೆಯನ್ನೇ ನುಂಗಬಹುದು.

ಎರಡನೆಯದಕ್ಕೆ ಉತ್ತರ ಕೊಡಬೇಕಾದುದು ನಮ್ಮ ಕಣ್ಣು. ಚಿತ್ರವೆಲ್ಲವೂ ಬಿಂದುಗಳ ರಾಶಿ. ಫುಲ್ ಎಚ್‌ಡಿ ತೆರೆಯಲ್ಲಿ ಸುಮಾರು 21 ಲಕ್ಷ ಬಿಂದುಗಳಿದ್ದರೆ, 4ಕೆಯಲ್ಲಿ 83 ಲಕ್ಷ, 8ಕೆಯಲ್ಲಿ 3 ಕೋಟಿ 32 ಲಕ್ಷ. ಇಷ್ಟನ್ನೂ ಬೇರೆ ಬೇರೆಯಾಗಿ ಕಾಣುವ ಶಕ್ತಿ ಕಣ್ಣಿಗಿರಬೇಕಲ್ಲವೆ? ಒಂದು ಡಿಗ್ರಿಯ ಕೋನದೊಳಗೆ 60 ಬಿಂದುಗಳನ್ನು ಗುರುತಿಸುವುದು ಆರೋಗ್ಯವಾದ ಕಣ್ಣಿನ ಶಕ್ತಿಯೆಂದು ಬಹುಕಾಲದಿಂದ ಎಣಿಸಲಾಗಿತ್ತು. 2025ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಈ ಮಿತಿ, ಕಪ್ಪು ಬಿಳುಪಿನ ಚಿತ್ರಗಳನ್ನು ನೇರವಾಗಿ ನೋಡುವಾಗ, 94ರವರೆಗೆ ಹೋಗುವುದೆಂದು ಕಂಡುಬಂದಿದೆ. ಈ ಉದಾರವಾದ ಲೆಕ್ಕವನ್ನೇ ಹಿಡಿದರೂ 65 ಅಂಗುಲದ 4ಕೆ ತೆರೆಯ ಬಿಂದುಗಳು ಎರಡು ಮೀಟರಿನಾಚೆಗೆ ಒಂದರಲ್ಲೊಂದು ಬೆರೆತುಹೋಗುತ್ತವೆ. ನಾವು ಕುಳಿತುಕೊಳ್ಳುವುದು ಮೂರು ಮೀಟರ್ ದೂರದಲ್ಲಿ ಎಂದಾದರೆ, 8ಕೆಗೆಂದು ಕೊಟ್ಟ ಹೆಚ್ಚಿನ ಹಣಕ್ಕೆ ನಮ್ಮ ಕಣ್ಣಿನಿಂದ ರಶೀದಿ ಸಿಕ್ಕುವುದಿಲ್ಲ.

ಮೂರನೆಯ ಪ್ರಶ್ನೆ ಬೆಳಕಿನದು. ಎಲ್‌ಇಡಿ ಎಂದು ಮಾರುವ ಟೀವಿಯಲ್ಲಿ ದೀಪಗಳು ಹಿಂದಿನಿಂದ ಬೆಳಕು ಚೆಲ್ಲುತ್ತವೆ. ಮುಂದಿರುವ ದ್ರವಸ್ಫಟಿಕದ ಪದರವು ಆ ಬೆಳಕನ್ನು ಬಿಂದುಬಿಂದುವಿನಲ್ಲಿಯೂ ತಡೆಯುತ್ತದೆ ಅಥವಾ ಬಿಡುತ್ತದೆ. ಕ್ಯೂಎಲ್‌ಇಡಿಯೂ ಇದೇ ಜಾತಿಯದು. ಬಣ್ಣಗಳು ಶುದ್ಧವಾಗಲೆಂದು ನಡುವೆ ಕ್ವಾಂಟಮ್ ಚುಕ್ಕೆಗಳ ಹಾಳೆಯೊಂದನ್ನು ಸೇರಿಸಿರುತ್ತಾರೆ. ಗಾತ್ರ ಬದಲಾದಂತೆ ಬಣ್ಣ ಬದಲಾಗುವ ಈ ಅತಿಸೂಕ್ಷ್ಮ ಕಣಗಳಿಗಾಗಿಯೇ ಬವೆಂಡಿ, ಬ್ರಸ್, ಎಕಿಮೊವ್ ಎಂಬ ಮೂವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಓಎಲ್‌ಇಡಿಯಲ್ಲಿ ಹಿಂಬೆಳಕೇ ಇಲ್ಲ. ಪ್ರತಿಯೊಂದು ಬಿಂದುವೂ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ನಿಜವಾದ ಕಪ್ಪಾಗಿರುತ್ತದೆ. ಆದರೆ ಒಂದೇ ಚಿತ್ರ ದಿನಗಟ್ಟಲೆ ಒಂದೇ ಸ್ಥಳದಲ್ಲಿ ನಿಂತರೆ ಅದರ ನೆರಳು ತೆರೆಯಲ್ಲಿ ಉಳಿದುಹೋಗುವ ಭಯವುಂಟು. ರಾತ್ರಿ ದೀಪವಾರಿಸಿ ಸಿನಿಮಾ ನೋಡುವವರಿಗೆ ಓಎಲ್‌ಇಡಿ. ಹಗಲೆಲ್ಲ ಕಿಟಕಿ ತೆರೆದು, ಮೂಲೆಯಲ್ಲಿ ಲಾಂಛನವಿರುವ ವಾರ್ತಾವಾಹಿನಿಯೊಂದನ್ನೇ ಹಾಕಿಡುವ ಮನೆಗೆ ಮಿಕ್ಕೆರಡು. ಇದಕ್ಕಿಂತ ಹೆಚ್ಚಿನ ಗೊಂದಲ ಇಲ್ಲಿಲ್ಲ.

ಇನ್ನು ನಾಲ್ಕನೆಯ ಪ್ರಶ್ನೆ: ಈ ಟೀವಿಯ ಬುದ್ಧಿ ಎಷ್ಟು ವರ್ಷ ಬಾಳುತ್ತದೆ?

ಸ್ಮಾರ್ಟ್ ಟೀವಿಯೆಂದರೆ ತೆರೆಯೊಂದಕ್ಕೆ ಅಂಟಿಸಿದ ಕಂಪ್ಯೂಟರ್ ಎಂದು ತಿಳಿದುಕೊಂಡರೆ ತಪ್ಪಿಲ್ಲ. ತೆರೆ ಹತ್ತು ವರ್ಷ ಬಾಳಬಹುದು. ಕಂಪ್ಯೂಟರಿನ ತಂತ್ರಾಂಶಕ್ಕೆ ತಯಾರಕರು ಆಗಾಗ ದುರಸ್ತಿಯನ್ನು ಕಳುಹಿಸುತ್ತಿದ್ದರೆ ಮಾತ್ರ ಅದು ಸುರಕ್ಷಿತ, ಉಪಯುಕ್ತ. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಸ್ಮಾರ್ಟ್ ಟೀವಿಗಳಲ್ಲಿ ನಡೆಯುವುದು ನಿಂತುಹೋಯಿತು. ಅವುಗಳ ತೆರೆಗೆ ಯಾವ ರೋಗವೂ ಇರಲಿಲ್ಲ. ಬುದ್ಧಿಗೆ ಮಾತ್ರ ಮುಪ್ಪು ಬಂದಿತ್ತು.

ಬುದ್ಧಿ ಬಾಳಿದಷ್ಟು ಕಾಲವೂ ಅದು ಯಾರ ಸೇವೆ ಮಾಡುತ್ತದೆ ಎಂಬುದೂ ಇದರೊಡನೆ ಸೇರಿದ ವಿಚಾರವೇ. ತೆರೆಯ ಮೇಲಿನ ಚಿತ್ರದ ತುಣುಕುಗಳನ್ನು ಹೆಕ್ಕಿ, ದೊಡ್ಡ ಸಂಗ್ರಹವೊಂದರೊಡನೆ ಹೋಲಿಸಿ, ನಾವು ನೋಡುತ್ತಿರುವುದು ಏನೆಂದು ಗುರುತಿಸುವ ಏರ್ಪಾಡು ಅನೇಕ ಟೀವಿಗಳಲ್ಲಿದೆ. ಒಪ್ಪಿಗೆಯಿಲ್ಲದೆ 1 ಕೋಟಿ 10 ಲಕ್ಷ ಟೀವಿಗಳಿಂದ ಹೀಗೆ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ಅಮೆರಿಕದ ವಿಜಿಯೊ ಕಂಪೆನಿ 2017ರಲ್ಲಿ 22 ಲಕ್ಷ ಡಾಲರುಗಳನ್ನು ತೆತ್ತು ರಾಜಿಯಾಯಿತು. ನಾವು ಟೀವಿಯನ್ನು ನೋಡುತ್ತಿದ್ದೇವೆಂದು ಭಾವಿಸಿರುವಾಗ ಟೀವಿ ನಮ್ಮನ್ನು ನೋಡುತ್ತಿರುವುದು ವಿನೋದದ ಮಾತಲ್ಲ.

ಔಷಧದ ಸೀಸೆಯ ಮೇಲೆ ಅವಧಿ ಮುಗಿಯುವ ದಿನಾಂಕವಿಲ್ಲದಿದ್ದರೆ ನಾವು ಅದನ್ನು ಮುಟ್ಟುವುದಿಲ್ಲ. ಹತ್ತು ರೂಪಾಯಿನ ಬಿಸ್ಕತ್ತಿನ ಪೊಟ್ಟಣದಲ್ಲಿಯೂ ಅದನ್ನು ಹುಡುಕುತ್ತೇವೆ. ಮನೆಯ ಎಷ್ಟೋ ತಿಂಗಳ ಉಳಿತಾಯವನ್ನು ಸುರಿದು ತರುವ ಯಂತ್ರಕ್ಕೆ ಮಾತ್ರ ಆ ದಿನಾಂಕವನ್ನು ಕೇಳಲು ಮರೆಯುತ್ತೇವೆ. ಇಂತಿಷ್ಟು ಕಾಲ ಸುರಕ್ಷತೆಯ ದುರಸ್ತಿಗಳನ್ನು ಒದಗಿಸುತ್ತೇವೆಂದು ತಯಾರಕರು ಮುಂಚಿತವಾಗಿ ಪ್ರಕಟಿಸಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ; ಸ್ಮಾರ್ಟ್ ಟೀವಿಗಳೂ ಅದಕ್ಕೆ ಒಳಪಟ್ಟಿವೆ. ನಮ್ಮ ದೇಶದಲ್ಲಿಯೂ ಈ ಅಂಕಿ ಪೆಟ್ಟಿಗೆಯ ಮೇಲೆ, ಅಂಗುಲಗಳ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಅಲ್ಲಿಯವರೆಗೆ ವಾಚಕರು ಮಾಡಬಹುದಾದುದು ಇಷ್ಟು. ಹಣವನ್ನು ತೆರೆಗಾಗಿ ಕೊಡಿ, ಬುದ್ಧಿಗಾಗಿ ಹೆಚ್ಚು ಕೊಡಬೇಡಿ. ಬುದ್ಧಿ ಮುಪ್ಪಾದ ದಿನ ಎಚ್‌ಡಿಎಂಐ ರಂಧ್ರಕ್ಕೆ ಸಣ್ಣ ಸ್ಟ್ರೀಮಿಂಗ್ ಸಾಧನವೊಂದನ್ನು ಚುಚ್ಚಿ ಹೊಸ ಬುದ್ಧಿಯನ್ನು ಕೂಡಿಸಬಹುದು. ಟೀವಿಯನ್ನು ಮೊದಲ ಸಲ ಹಚ್ಚಿದಾಗ ಎಲ್ಲಕ್ಕೂ ‘ಒಪ್ಪಿಗೆ’ ಎಂದು ಒತ್ತಿಬಿಡದೆ, ವೀಕ್ಷಣೆಯ ಮಾಹಿತಿಗೆ ಸಂಬಂಧಿಸಿದ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆರಿಸಿಡಿ. ಮತ್ತು ಅಂಗಡಿಯಾತನನ್ನು ತಪ್ಪದೆ ಕೇಳಿ: ‘ಸ್ವಾಮಿ, ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ?’ ಆತನಿಗೆ ಉತ್ತರ ತಿಳಿಯದೆ ಇರಬಹುದು. ನೂರು ಮಂದಿ ಕೇಳಿದರೆ ಆತನು ಕಂಪೆನಿಯನ್ನು ಕೇಳಿಯಾನು; ಸಾವಿರಾರು ಅಂಗಡಿಗಳಿಂದ ಅದೇ ಪ್ರಶ್ನೆ ಹೋದರೆ ಅಂಕಿ ತಾನಾಗಿಯೇ ಪೆಟ್ಟಿಗೆಯ ಮೇಲೆ ಮೂಡೀತು.