ನೀರು ಕಾಣದ ಸೈಕಲ್ ಸವಾರಿ

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾದ ಮೇಲೆ ನನ್ನ ಸುತ್ತ ಅಲ್ಲಿಗೆ ಹೋಗಿಬಂದವರು ಹೆಚ್ಚಾಗಿದ್ದಾರೆ. ಓದುಬರಹದ ಗೆಳೆಯರು ಬೀಚಿನ ಫೋಟೊ ಹಾಕುವುದಿಲ್ಲ; ಹಳ್ಳಿಗಳ ನಡುವೆ ಸೈಕಲ್ ತುಳಿದ ಫೋಟೊ ಹಾಕಿ ‘ನಿಜವಾದ ಬಾಲಿ’ ಎಂದು ಬರೆಯುತ್ತಾರೆ. ನನ್ನ ತಕರಾರು ಇರುವುದು ಆ ‘ನಿಜವಾದ’ ಎಂಬ ಮಾತಿನ ಬಗ್ಗೆ.

ಈ ಪ್ರವಾಸಗಳು ಹೆಚ್ಚುಕಡಿಮೆ ಒಂದೇ ಥರ. ವ್ಯಾನು ನಿಮ್ಮನ್ನು ಕಿಂತಾಮಣಿಗೆ ಹತ್ತಿಸುತ್ತದೆ. ಬಾತೂರ್ ಜ್ವಾಲಾಮುಖಿಯ ಎದುರು ತಿಂಡಿ, ತೋಟವೊಂದರಲ್ಲಿ ಲುವಾಕ್ ಕಾಫಿ, ಆಮೇಲೆ ಉಬುದ್ ಕಡೆಗೆ ಇಳಿಜಾರು. ಪೆಡಲಿಗಿಂತ ಬ್ರೇಕಿಗೇ ಕೆಲಸ ಹೆಚ್ಚು. ನಡುವೆ ಒಂದು ಮನೆಯ ಅಂಗಳ, ಗದ್ದೆಯ ಬದುವಿನಲ್ಲೊಂದು ಫೋಟೊ, ಕೊನೆಗೆ ಊಟ.

ಸೈಕಲ್ಲು ಇಳಿಯುವ ದಿಕ್ಕಿನಲ್ಲೇ ನೀರೂ ಇಳಿಯುತ್ತದೆ. ಆದರೆ ಮೆಟ್ಟಿಲು ಗದ್ದೆಗಳಿಗೆ ಅದು ತಾನಾಗಿ ಹಂಚಿಹೋಗುವುದಿಲ್ಲ. ಒಂದೇ ಕಾಲುವೆಯ ನೀರುಣ್ಣುವ ರೈತರ ಸಂಘಕ್ಕೆ ಅಲ್ಲಿ ‘ಸುಬಾಕ್’ ಎನ್ನುತ್ತಾರೆ. ಯಾರ ಗದ್ದೆಗೆ ಎಂದು ನೀರು, ಎಂದು ನಾಟಿ ಎಂಬುದನ್ನು ಅವರು ಸಭೆ ಸೇರಿ ತೀರ್ಮಾನಿಸುತ್ತಾರೆ. ಅದರ ಮುಖ್ಯಸ್ಥ ‘ಪೆಕಸೆ’. ನಮ್ಮ ಕೆರೆಬಯಲಿನ ನೀರುಗಂಟಿಯನ್ನು ಬಲ್ಲವರಿಗೆ ಈ ಕೆಲಸದ ತೂಕ ಗೊತ್ತು. ಪ್ರವಾಸಿಗರು ತಿಂಡಿ ತಿನ್ನುವ ಕಿಂತಾಮಣಿಯ ಆಸುಪಾಸಿನಲ್ಲೇ ಇರುವ ಉಲುನ್ ದಾನು ಬಾತೂರ್ ದೇಗುಲ ಈ ಜಲದೇಗುಲಗಳ ಸಾಲಿನ ತುದಿ. 1970ರ ದಶಕದಲ್ಲಿ ಸರ್ಕಾರ ಹೊಸ ಭತ್ತದ ತಳಿ ತಂದು, ದೇಗುಲದ ಲೆಕ್ಕ ಬದಿಗಿಟ್ಟು ಎಡೆಬಿಡದೆ ಬಿತ್ತಿರೆಂದಿತು. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಬಿಡುವು ಪಡೆಯುವುದು ನಿಂತಿತು, ಕೀಟಗಳು ಬೆಳೆಯನ್ನು ತಿಂದುಹಾಕಿದವು. ಪೂಜೆಯ ಪಂಚಾಂಗವೇ ಕೀಟ ನಿಯಂತ್ರಣವೂ ಆಗಿತ್ತೆಂದು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಬರೀ ಹಸಿರು ನೋಟವನ್ನಲ್ಲ, ಈ ವ್ಯವಸ್ಥೆಯನ್ನು.

ಇದನ್ನೆಲ್ಲ ಬಿಟ್ಟು ಗದ್ದೆಯನ್ನು ಬರೀ ಚಿತ್ರವಾಗಿ ನೋಡುವ ಚಾಳಿಗೆ ಹಳೆಯ ಬೇರಿದೆ. 1906 ಮತ್ತು 1908ರಲ್ಲಿ ಬಾಲಿಯ ಅರಮನೆಗಳ ಮುಂದೆ ರಕ್ತ ಹರಿಸಿದ ಡಚ್ಚರೇ 1920ರ ದಶಕದಲ್ಲಿ ಆ ದ್ವೀಪವನ್ನು ಸ್ವರ್ಗವೆಂದು ಹಡಗಿನ ಪ್ರವಾಸಿಗಳಿಗೆ ಮಾರಿದರು. ಸ್ವರ್ಗದಲ್ಲಿ ಕಾಲುವೆ ಜಗಳ ಇರಬಾರದಲ್ಲ!

‘ಸೈಕಲ್ಲಿನಿಂದ ಹಳ್ಳಿಗೆ ನಾಲ್ಕು ಕಾಸು ಬರುತ್ತದಲ್ಲ’ ಎನ್ನುವವರಿದ್ದಾರೆ. ಬರುತ್ತದೆ. ಗೈಡಿಗೆ, ಚಾಲಕನಿಗೆ, ಊಟ ಬಡಿಸುವ ಮನೆಗೆ ಸಿಗುವ ದುಡ್ಡನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಗದ್ದೆ ಉಳಿಯಬೇಕಾದರೆ ಬೇಸಾಯದಿಂದ ರೈತನ ಹೊಟ್ಟೆ ತುಂಬಬೇಕು. ತುಂಬದಿದ್ದಾಗ ಅವನು ಗದ್ದೆ ಮಾರುತ್ತಾನೆ, ಅಲ್ಲೊಂದು ವಿಲ್ಲಾ, ಈಜುಕೊಳ ಏಳುತ್ತದೆ. ಸುಬಾಕ್‌ಗೆ ಒಬ್ಬ ಸದಸ್ಯ ಕಡಿಮೆಯಾಗುತ್ತಾನೆ, ಕೆಳಗಿನ ಗದ್ದೆಯವನಿಗೆ ಕಾಲುವೆಯ ಚಿಂತೆ ಹೆಚ್ಚುತ್ತದೆ. ಹಗಲು ಗದ್ದೆ ಮೆಚ್ಚಿ ರಾತ್ರಿ ಆ ವಿಲ್ಲಾದಲ್ಲೇ ಮಲಗುವವರು ನಾವು. ಈಚಿನ ವರ್ಷಗಳಲ್ಲಿ ಅಲ್ಲಿಗೆ ಹೋಗುವ ವಿದೇಶಿಯರಲ್ಲಿ ಆಸ್ಟ್ರೇಲಿಯನ್ನರ ನಂತರದ ಸ್ಥಾನ ಭಾರತೀಯರದೇ. ‘ಅದು ಪಾಶ್ಚಾತ್ಯರ ಚಟ’ ಎಂದು ಜಾರಿಕೊಳ್ಳುವಂತಿಲ್ಲ.

ಹೋಗಬೇಡಿ ಎನ್ನುತ್ತಿಲ್ಲ. ಬದುವಿನ ಮೇಲೆ ಸೈಕಲ್ ನಿಲ್ಲಿಸಿದಾಗ ಗೈಡನ್ನು ಕೇಳಿ: ಈ ಗದ್ದೆ ಯಾವ ಸುಬಾಕಿನದು? ಪೆಕಸೆ ಯಾರು? ಈ ವರ್ಷ ನೀರು ಸಾಕಾಯಿತೇ? ಪಕ್ಕದಲ್ಲಿ ಏಳುತ್ತಿರುವ ಗೋಡೆ ಯಾರದು? ಗೈಡುಗಳಲ್ಲಿ ಎಷ್ಟೋ ಮಂದಿ ರೈತರ ಮನೆಯವರೇ. ಅವರ ಬಳಿ ಹೇಳುವುದು ಬೇಕಾದಷ್ಟಿರುತ್ತದೆ, ಕೇಳುವವರು ಬೇಕು ಅಷ್ಟೆ. ಅಷ್ಟನ್ನೂ ಕೇಳದೆ ಇಳಿಜಾರು ಮುಗಿಸಿದವರು ಫೋಟೊದ ಕೆಳಗೆ ‘ಬಾಲಿ’ ಎಂದಷ್ಟೇ ಬರೆಯಲಿ.